ನಾಣ್ಯದ ಮೂರು ಮುಖಗಳು

ಕನ್ನಡಿಗರ ನಾಲಗೆಯ ಮೇಲೆ ಹಳೆಯ ನಾಣ್ಯಗಳು ಇಂದಿಗೂ ಚಲಾವಣೆಯಲ್ಲಿವೆ. ಯೋಗ್ಯತೆಯಿಲ್ಲದವನನ್ನು ‘ಮೂರು ಕಾಸಿಗೂ ಬಾಳದವನು’ ಎಂದು ಜರೆಯುತ್ತೇವೆ. ಸಂದೇಹಕ್ಕೆ ಎಡೆಯಿಲ್ಲದ ಮಾತನ್ನು ‘ಹದಿನಾರಾಣೆ ಸತ್ಯ’ ಎನ್ನುತ್ತೇವೆ. ‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯನ್ನು ಆಡದ ಊರಿಲ್ಲ. ಆದರೆ ಕಾಸು ಅಂಗಡಿ ಬೀದಿಯಿಂದ ಮರೆಯಾಗಿ ಬಹಳ ಕಾಲವಾಯಿತು. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ 1957ನೆಯ ಇಸವಿ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದಾಗ ಮುಗಿಯಿತು. ದುಡ್ಡು ಎಂಬುದು ಒಂದು ತಾಮ್ರದ ನಾಣ್ಯದ ಹೆಸರಾಗಿತ್ತೆಂಬುದಾಗಲಿ, ಹಣ ಎಂಬುದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿತ್ತೆಂಬುದಾಗಲಿ ಆ ಮಾತುಗಳನ್ನು ದಿನಕ್ಕೆ ಹತ್ತು ಸಲ ಆಡುವವರಿಗೂ ನೆನಪಿಲ್ಲ. ನಾಣ್ಯ ಕರಗಿತು, ಹೆಸರು ಉಳಿಯಿತು.

ನಾಣ್ಯವೆಂದರೇನು? ಧಾನ್ಯ ಕೊಟ್ಟು ಉಪ್ಪು ಕೊಳ್ಳುತ್ತಿದ್ದ ಕಾಲದಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಲೆಕ್ಕ ಹೊಂದಿಸುವುದು ಕಷ್ಟವಾಗಿತ್ತು. ಲೋಹದ ತುಂಡುಗಳು ವಿನಿಮಯಕ್ಕೆ ಬಂದ ಮೇಲೂ ಪ್ರತಿ ಸಲ ಅವನ್ನು ತೂಗಬೇಕು, ಒರೆಗೆ ಹಚ್ಚಬೇಕು. ಈ ತೊಡಕನ್ನು ಕಳೆಯುವುದಕ್ಕಾಗಿ, ಗೊತ್ತಾದ ತೂಕದ, ಗೊತ್ತಾದ ಶುದ್ಧಿಯ ಲೋಹದ ಬಿಲ್ಲೆಯ ಮೇಲೆ ಜನರ ನಂಬಿಕೆಗೆ ಪಾತ್ರರಾದವರು ತಮ್ಮ ಮುದ್ರೆಯನ್ನು ಒತ್ತಿದರು. ‘ಇದನ್ನು ತೂಗಬೇಡ, ಒರೆಯಬೇಡ, ಇದಕ್ಕೆ ನಾನು ಹೊಣೆ’ ಎಂಬುದೇ ಆ ಮುದ್ರೆಯ ಅರ್ಥ. ಲೋಹದೊಡನೆ ಮಾತು ಕೂಡಿದಾಗ ನಾಣ್ಯ ಹುಟ್ಟಿತು. ಹೀಗೆ ಹುಟ್ಟಿದ ನಾಣ್ಯಗಳನ್ನು ಓದಿ, ಹಿಂದಿನವರ ರಾಜ್ಯವನ್ನೂ ವ್ಯಾಪಾರವನ್ನೂ ನಂಬಿಕೆಗಳನ್ನೂ ತಿಳಿಯುವ ವಿದ್ಯೆಗೆ ನಾಣ್ಯಶಾಸ್ತ್ರವೆಂದು ಹೆಸರು.

2019ರ ಫೆಬ್ರವರಿ ತಿಂಗಳ ಒಂದು ಭಾನುವಾರ, ಬೆಂಗಳೂರಿನಲ್ಲಿ ಏರ್ಪಟ್ಟಿದ್ದ ನಾಣ್ಯ ಪ್ರದರ್ಶನವೊಂದಕ್ಕೆ ನಾವು ಮೂವರು ಗೆಳೆಯರು ಹೋಗಿದ್ದೆವು. ನಮ್ಮಲ್ಲಿ ನಾಣ್ಯ ಸಂಗ್ರಾಹಕರು ಒಬ್ಬರೇ. ಅವರು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನಮಗೆಲ್ಲ ಅಂಚೆ ಮಾಸ್ತರರು. ಸಂಬಳದಲ್ಲಿ ಉಳಿದ ಬಿಡಿಗಾಸಿನಿಂದಲೇ ನಾಲ್ವತ್ತು ವರ್ಷ ನಾಣ್ಯಗಳನ್ನು ಕೂಡಿಸಿದವರು. ಎರಡನೆಯವರು ತಲೆತಲಾಂತರದಿಂದ ಅಕ್ಕಸಾಲಿಕೆ ನಡೆಸಿಕೊಂಡು ಬಂದ ಮನೆತನದ ಆಚಾರ್ಯರು. ಮೂರನೆಯವನು ಕನ್ನಡ ಪಾಠ ಹೇಳಿಕೊಂಡು ಬಂದ ನಾನು. ಒಂದೇ ನಾಣ್ಯವನ್ನು ನಾವು ಮೂವರೂ ನೋಡಿದೆವು. ಆದರೆ ಒಬ್ಬೊಬ್ಬರಿಗೆ ಕಂಡದ್ದು ಒಂದೊಂದು.

ದೊಡ್ಡ ಸಭಾಂಗಣದಲ್ಲಿ ಸಾಲುಸಾಲಾಗಿ ಮೇಜುಗಳನ್ನು ಹಾಕಿದ್ದರು. ಗಾಜಿನ ಪೆಟ್ಟಿಗೆಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಸೀಸದ ನಾಣ್ಯಗಳಿದ್ದವು. ಒಂದು ಕಡೆ ನೋಡುವುದಕ್ಕಾಗಿ ಇಟ್ಟ ಸಂಗ್ರಹಗಳು. ಇನ್ನೊಂದು ಕಡೆ ಮಾರಾಟದ ಅಂಗಡಿಗಳು. ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಬಗ್ಗಿದ ಮುದುಕರ ಪಕ್ಕದಲ್ಲಿಯೇ, ಕೂಡಿಟ್ಟ ಹಣವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತ ಶಾಲೆಯ ಹುಡುಗರೂ ಇದ್ದರು.

ಮೊದಲು ನಮ್ಮ ಕಣ್ಣಿಗೆ ಬಿದ್ದವು ಬೆಳ್ಳಿಯ ಕೆಲವು ಚಪ್ಪಟೆ ತುಂಡುಗಳು. ಅವು ದುಂಡಾಗಿಯೂ ಇಲ್ಲ, ಚೌಕವಾಗಿಯೂ ಇಲ್ಲ. ಮೂಲೆಗಳನ್ನು ಕತ್ತರಿಸಿದಂತೆ ಕಾಣುತ್ತವೆ. ನಮ್ಮ ದೇಶದ ಅತ್ಯಂತ ಹಳೆಯ ನಾಣ್ಯಗಳು ಇವೇ. ಸೂರ್ಯ, ಬೆಟ್ಟ, ಮರ, ಆನೆ, ಗೂಳಿ ಮುಂತಾದ ಬಿಡಿ ಬಿಡಿ ಮುದ್ರೆಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಒತ್ತಿರುವುದರಿಂದ ಇವನ್ನು ಮುದ್ರಾಂಕಿತ ನಾಣ್ಯಗಳೆನ್ನುತ್ತಾರೆ. ಮೌರ್ಯರ ಕಾಲದ ಇಂಥ ನಾಣ್ಯಗಳಲ್ಲಿ ಒಂದು ಬದಿಗೆ ಐದು ಮುದ್ರೆಗಳಿರುತ್ತವೆ. ರಾಜನ ಹೆಸರಿಲ್ಲ, ಇಸವಿಯಿಲ್ಲ, ಒಂದು ಅಕ್ಷರವೂ ಇಲ್ಲ.

ಆಚಾರ್ಯರು ಅದರ ಚೆಲುವನ್ನು ನೋಡಲಿಲ್ಲ, “ತೂಕವೆಷ್ಟು?” ಎಂದು ಕೇಳಿದರು. ಮೂರೂವರೆ ಗ್ರಾಮಿಗೆ ತುಸು ಕಡಿಮೆ ಎಂದು ಅಂಗಡಿಯವರು ಹೇಳಿದರು. “ಅಂದರೆ ಮೂವತ್ತೆರಡು ಗುಲಗಂಜಿ. ಮೂಲೆ ಕತ್ತರಿಸಿದ್ದು ಏಕೆಂದು ಈಗ ತಿಳಿಯಿತು. ತೂಕ ಹೆಚ್ಚಾದರೆ ಮೂಲೆಯನ್ನು ಕತ್ತರಿಸಿ ಸರಿಮಾಡಿದ್ದಾರೆ. ನಾವು ಮಾಡುವುದೂ ಅದನ್ನೇ” ಎಂದು ಅವರು ನಕ್ಕರು. ಆಮೇಲೆ ಒಂದು ನಾಣ್ಯದ ಅಂಚಿನಲ್ಲಿದ್ದ ಸಣ್ಣ ಗುರುತನ್ನು ತೋರಿಸಿ, “ಇದು ರಾಜಮುದ್ರೆಯಲ್ಲ. ಯಾರೋ ಚಿನಿವಾರ ಬೆಳ್ಳಿಯನ್ನು ಪರೀಕ್ಷಿಸಿ ತನ್ನ ಗುರುತು ಹಾಕಿದ್ದಾನೆ” ಎಂದರು. ಅವರ ಮಾತು ಸರಿಯಾಗಿತ್ತು. ನಾಣ್ಯ ಎಷ್ಟೋ ಕೈ ದಾಟುವಾಗ ನಡುವೆ ವ್ಯಾಪಾರಿಗಳು ಹೀಗೆ ಅದನ್ನು ಪರೀಕ್ಷಿಸಿ ಗುರುತು ಹಾಕುತ್ತಿದ್ದುದುಂಟು.

ಲೋಹವನ್ನು ಓದಬಲ್ಲವರಿಗೆ ರಾಜ್ಯದ ಆರೋಗ್ಯವೂ ತಿಳಿಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಜಾರಿಗೆ ತಂದಿತು. ಆ ರೂಪಾಯಿಯ ತೂಕ ಸುಮಾರು 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್ ಲೋಹದ್ದು. ಈ ಮೂರು ರೂಪಾಯಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ, ದೂರದ ಯುದ್ಧವೊಂದು ನಮ್ಮ ಸಂತೆಯ ರೈತನ ಸೊಂಟದ ಚೀಲದವರೆಗೂ ಬಂದು ಹೋದ ಬಗೆ ಕಾಣುತ್ತದೆ. ಅಕ್ಕಸಾಲಿಗರು ರೂಪಾಯಿಯನ್ನು ಕಲ್ಲಿನ ಮೇಲೆ ಕುಣಿಸಿ, ಅದರ ನಾದದಿಂದಲೇ ಬೆಳ್ಳಿಯ ಗುಣವನ್ನು ಹೇಳುತ್ತಿದ್ದರು. ಲೋಹ ನಾಣ್ಯದ ಮೊದಲನೆಯ ಮುಖ.

ಎರಡನೆಯ ಮುಖ ಮುದ್ರೆ. ಅಂದರೆ ಅದರ ಮೇಲಿನ ಚಿತ್ರ ಮತ್ತು ಬರಹ. ಅಲ್ಲಿಯೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಹೊಯ್ಸಳರ ಚಿನ್ನದ ನಾಣ್ಯವಿತ್ತು. ಒಂದು ಬದಿಯಲ್ಲಿ ಸಿಂಹ. ಅದರ ಮೇಲ್ಗಡೆ ಇನ್ನೊಂದು ಪುಟ್ಟ ಸಿಂಹ. ಮತ್ತೊಂದು ಬದಿಯಲ್ಲಿ ಮೂರು ಸಾಲು ಹಳೆಯ ಕನ್ನಡ ಲಿಪಿ: ‘ಶ್ರೀ ತಳಕಾಡುಗೊಂಡ’. ಚೋಳರ ವಶದಲ್ಲಿದ್ದ ತಲಕಾಡನ್ನು ವಿಷ್ಣುವರ್ಧನ 1116ರ ವೇಳೆಗೆ ಗೆದ್ದುಕೊಂಡನು. ಅವನು ಆ ಗೆಲವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಲ್ಲದೆ, ಜನರ ಕೈಯಿಂದ ಕೈಗೆ ಸಾಗುವ ಚಿನ್ನದ ಮೇಲೂ ಬರೆಯಿಸಿದನು. ‘ನೊಳಂಬವಾಡಿಗೊಂಡ’ ಎಂಬ ಬಿರುದಿರುವ ನಾಣ್ಯಗಳೂ ಅವನವೇ. ವೃತ್ತಪತ್ರಿಕೆಯಿಲ್ಲದ ಕಾಲದಲ್ಲಿ ನಾಣ್ಯವೇ ಅರಸನ ವಾರ್ತೆಯನ್ನು ಊರೂರಿಗೆ ಒಯ್ಯುತ್ತಿತ್ತು. ಎಂಟು ನೂರು ವರ್ಷಗಳಿಗೂ ಹಳೆಯದಾದ ಆ ಕನ್ನಡ ಅಕ್ಷರಗಳನ್ನು ಕಷ್ಟಪಟ್ಟು ಕೂಡಿಸಿ ಓದಿದಾಗ ನನಗಾದ ಸಂತೋಷವನ್ನು ಕಂಡು ಆಚಾರ್ಯರು, “ಮೇಷ್ಟ್ರೆ, ಇನ್ನು ನಿಮ್ಮನ್ನು ಇಲ್ಲಿಂದ ಎಬ್ಬಿಸುವುದು ಕಷ್ಟ” ಎಂದರು.

ಆದರೆ ಆ ನಾಣ್ಯದ ಒಂದು ಅಂಚಿನಲ್ಲಿ ಅಕ್ಷರಗಳು ಅರ್ಧಕ್ಕೆ ತುಂಡಾಗಿದ್ದವು. ಇದಕ್ಕೆ ಕಾರಣವುಂಟು. ಹಿಂದೆ ನಾಣ್ಯಗಳನ್ನು ಕೈಯಿಂದಲೇ ಮಾಡುತ್ತಿದ್ದರು. ಕೆಳಗೆ ಅಡಿಗಲ್ಲಿನಲ್ಲಿ ನೆಟ್ಟ ಒಂದು ಅಚ್ಚು. ಅದರ ಮೇಲೆ ಲೋಹದ ಬಿಲ್ಲೆ. ಬಿಲ್ಲೆಯ ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಒಂದು ಪೆಟ್ಟು. ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಇಲ್ಲವೆ ಪೆಟ್ಟು ಬೀಳುವಾಗ ಕೈ ತುಸು ಅಲುಗುತ್ತಿತ್ತು. ಆದ್ದರಿಂದ ಬರಹದ ಒಂದು ಭಾಗ ನಾಣ್ಯದಿಂದ ಹೊರಗೇ ಉಳಿಯುತ್ತಿತ್ತು. ಒಂದು ನಾಣ್ಯದಲ್ಲಿ ಮೊದಲ ಅಕ್ಷರಗಳು ಕಂಡರೆ ಇನ್ನೊಂದರಲ್ಲಿ ಕೊನೆಯ ಅಕ್ಷರಗಳು ಕಾಣುತ್ತವೆ. ಒಂದೇ ಬಗೆಯ ಹತ್ತಾರು ನಾಣ್ಯಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಪೂರ್ಣ ಬರಹ ದೊರೆಯುತ್ತದೆ. ಒಂಟಿ ನಾಣ್ಯವೆಂದರೆ ಓಲೆಯ ಕಟ್ಟಿನಿಂದ ಕಳಚಿ ಬಿದ್ದ ಒಂದು ಗರಿಯಂತೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಚಿತ್ರಗಳೂ ಬರಹದಷ್ಟೇ ಮಾತನಾಡುತ್ತವೆ. ವಿಜಯನಗರದ ಕೃಷ್ಣದೇವರಾಯನ ಚಿನ್ನದ ನಾಣ್ಯಗಳಲ್ಲಿ ಬಾಲಕೃಷ್ಣ ಕುಳಿತಿದ್ದಾನೆ. ರಾಯನು ಉದಯಗಿರಿಯನ್ನು ಗೆದ್ದು, ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು ಹಂಪೆಯಲ್ಲಿ ಪ್ರತಿಷ್ಠಿಸಿದ ಸಂಗತಿ ಶಾಸನದಿಂದ ತಿಳಿದಿದೆ. ಈ ನಾಣ್ಯವೂ ಅದರ ನೆನಪೇ ಎಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅವನ ತರುವಾಯ ಪಟ್ಟಕ್ಕೆ ಬಂದ ಅಚ್ಯುತರಾಯನ ನಾಣ್ಯಗಳಲ್ಲಿ ಆನೆಗಳನ್ನು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಎತ್ತಿಹಿಡಿದ ಗಂಡಭೇರುಂಡವಿದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ‘ಕಂಠೀರಾಯ ಹಣ’ ಉದ್ದಿನ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಆದರೂ ಅದರಲ್ಲಿ ನರಸಿಂಹನ ಆಕೃತಿ ಇದೆ.

ಇವೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದೇ ಸಾಲಿನಲ್ಲಿ ಇಟ್ಟಿದ್ದ ಮೂರು ವರಹಗಳು. ಒಂದು ಇಕ್ಕೇರಿಯ ನಾಯಕರದು. ಇನ್ನೊಂದು ಹೈದರ್ ಅಲಿಯದು. ಮೂರನೆಯದು ಮುಮ್ಮಡಿ ಕೃಷ್ಣರಾಜ ಒಡೆಯರದು. ಮೂರರ ಮೇಲೂ ಶಿವ ಪಾರ್ವತಿಯರು ಕುಳಿತಿದ್ದಾರೆ. ಹೈದರನು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಆ ದೇವರ ಚಿತ್ರವನ್ನು ತೆಗೆದುಹಾಕಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಒತ್ತಿಸಿದನು. ವ್ಯಾಪಾರಿಗಳು ಆ ವರಹವನ್ನು ನಂಬಿದ್ದರು. ರಾಜ್ಯವನ್ನು ಕತ್ತಿಯಿಂದ ಗೆಲ್ಲಬಹುದು; ಸಂತೆಯ ನಂಬಿಕೆಯನ್ನು ಹಾಗೆ ಗೆಲ್ಲಲು ಬರುವುದಿಲ್ಲ. ಈ ತಿಳಿವಳಿಕೆ ಆ ಮೂರು ಚಿನ್ನದ ಬಿಲ್ಲೆಗಳಲ್ಲಿದೆ.

ಲೋಹ ಮತ್ತು ಮುದ್ರೆ, ಈ ಎರಡನ್ನೂ ನೋಡಿದ ಮೇಲೆ ನಾಣ್ಯದಲ್ಲಿ ನೋಡುವುದಕ್ಕೆ ಇನ್ನೇನು ಉಳಿಯಿತು ಎಂದು ತೋರಬಹುದು. ಆದರೆ ಅಂಚೆ ಮಾಸ್ತರರು ಪ್ರತಿಯೊಂದು ಮೇಜಿನ ಬಳಿಯೂ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದರು: “ಇದು ಎಲ್ಲಿ ಸಿಕ್ಕಿತು? ಇದರ ಜೊತೆಯಲ್ಲಿ ಏನೇನಿತ್ತು?” ರೋಮ್ ಚಕ್ರವರ್ತಿಯ ತಲೆಯಿರುವ ಬೆಳ್ಳಿಯ ನಾಣ್ಯವೊಂದನ್ನು ಮುಂದಿಟ್ಟುಕೊಂಡಿದ್ದ ವ್ಯಾಪಾರಿ, “ಯಾರೋ ತಂದುಕೊಟ್ಟರು ಸ್ವಾಮಿ, ನನಗೇನು ಗೊತ್ತು?” ಎಂದರು. ಮಾಸ್ತರರು ನಿಟ್ಟುಸಿರು ಬಿಟ್ಟು ಮುಂದಕ್ಕೆ ನಡೆದರು.

“ಬೆಳ್ಳಿ ಚೆನ್ನಾಗಿದೆ, ಮುದ್ರೆ ಸ್ಪಷ್ಟವಾಗಿದೆ. ಎಲ್ಲಿ ಸಿಕ್ಕಿದರೇನು?” ಎಂದು ಆಚಾರ್ಯರು ಕೇಳಿದರು. ಆಗ ಮಾಸ್ತರರು ಹೇಳಿದ್ದರ ಸಾರಾಂಶ ಇದು: ರೋಮ್ ನಗರದಲ್ಲಿಯೇ ರೋಮಿನ ನಾಣ್ಯ ದೊರೆತರೆ ಅದರಲ್ಲಿ ಅಚ್ಚರಿಯೇನಿದೆ? ಅದೇ ನಾಣ್ಯ ನಮ್ಮ ಮಣ್ಣಿನಲ್ಲಿ ದೊರೆತರೆ ಅದು ಚರಿತ್ರೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಅದರಲ್ಲಿ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ನಾಣ್ಯಗಳಿದ್ದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿಯೂ ರೋಮನ್ ನಾಣ್ಯಗಳು ಸಿಕ್ಕಿದವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕಡಲಾಚೆಯ ವ್ಯಾಪಾರದ ಬೆಳ್ಳಿ ಕರಾವಳಿಯಲ್ಲಿಯೇ ನಿಲ್ಲದೆ ಒಳನಾಡಿನವರೆಗೂ ಬಂದಿತ್ತೆಂದು ನಾವು ಹೇಳುವುದು ಇಂಥ ಆಧಾರಗಳಿಂದಲೇ. ಆ ನಾಣ್ಯಗಳ ಮೇಲೆ ಯಶವಂತಪುರದ ಹೆಸರಿಲ್ಲ, ಚಂದ್ರವಳ್ಳಿಯ ಹೆಸರಿಲ್ಲ. ಸಿಕ್ಕಿದ ಜಾಗವನ್ನು ಬರೆದಿಟ್ಟವರಿದ್ದರು; ಆದ್ದರಿಂದ ತಿಳಿಯಿತು. ದೊರೆತ ನೆಲೆ ನಾಣ್ಯದ ಮೂರನೆಯ ಮುಖ. ಮೊದಲೆರಡನ್ನು ಟಂಕಸಾಲೆ ಕೊಡುತ್ತದೆ. ಮೂರನೆಯದನ್ನು ಮಣ್ಣು ಕೊಡುತ್ತದೆ. ಮೊದಲೆರಡು ಸವೆಯುವುದಕ್ಕೆ ನೂರಾರು ವರ್ಷ ಬೇಕು. ಮೂರನೆಯದು ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ.

ಅದು ಅಳಿಸಿಹೋಗುವುದು ಹೇಗೆಂಬುದನ್ನು ಆ ಮಧ್ಯಾಹ್ನವೇ ಕಾಣಬೇಕಾಯಿತು. ಊಟ ಮುಗಿಸಿ ಹೊರಗಿನ ಮರದ ನೆರಳಿನಲ್ಲಿ ನಿಂತಿದ್ದಾಗ ಇಪ್ಪತ್ತು ಇಪ್ಪತ್ತೆರಡರ ಯುವಕನೊಬ್ಬ ಅಂಜುತ್ತ ಮಾಸ್ತರರ ಬಳಿಗೆ ಬಂದನು. ಅವರ ಕೈಯಲ್ಲಿದ್ದ ಭೂತಗನ್ನಡಿಯನ್ನು ನೋಡಿ ತಿಳಿದವರೆಂದು ಅವನಿಗೆ ತೋರಿರಬೇಕು. ಅಂಗಿಯ ಒಳಜೇಬಿನಿಂದ ಒಂದು ಸುಣ್ಣದ ಡಬ್ಬಿಯನ್ನು ತೆಗೆದು ಅಂಗೈಯ ಮೇಲೆ ಸುರಿದನು. ಹನ್ನೊಂದು ಚಿನ್ನದ ಹಣಗಳು! ಹುಣಿಸೆಹಣ್ಣು ಹಾಕಿ ಉಜ್ಜಿದ್ದರಿಂದ ಅವು ಹೊಸ ಮೂಗುಬೊಟ್ಟಿನಂತೆ ಥಳಥಳಿಸುತ್ತಿದ್ದವು. ಒಂದು ಬದಿಯಲ್ಲಿ ಆನೆ. ಇನ್ನೊಂದು ಬದಿಯಲ್ಲಿ ಸುರುಳಿ ಸುತ್ತಿದ ಬಳ್ಳಿ. ಮಾಸ್ತರರ ಕೈ ನಡುಗಿತು. ಆನೆ ಬಳ್ಳಿಗಳ ಇಂಥ ಚಿನ್ನದ ನಾಣ್ಯಗಳನ್ನು ತಲಕಾಡಿನ ಗಂಗರವೆಂದು ಹಲವರು ಹೇಳಿದ್ದಾರೆ. ಆದರೆ ಅವುಗಳ ಮೇಲೆ ಬರಹವಿಲ್ಲ. ಆದ್ದರಿಂದ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಬಗೆಯ ಒಂದು ಹಣವಾದರೂ ತಮ್ಮ ಸಂಗ್ರಹದಲ್ಲಿ ಇರಬೇಕೆಂದು ಅವರು ಬಹು ವರ್ಷಗಳಿಂದ ಆಸೆಪಟ್ಟಿದ್ದನ್ನು ನಾವಿಬ್ಬರೂ ಬಲ್ಲೆವು.

“ಎಷ್ಟಿತ್ತಪ್ಪ ಒಟ್ಟು?” ಎಂದು ಮಾಸ್ತರರು ಕೇಳಿದರು.

“ಒಂದು ಕುಡಿಕೆ ತುಂಬ ಇತ್ತು ಸಾರ್. ಹನಿ ನೀರಾವರಿ ಪೈಪಿಗೆ ಅಂತ ಅಗೆದಾಗ ಸಿಕ್ಕಿದ್ದು. ಚಿಕ್ಕಪ್ಪನವರಿಗೆ ಅರ್ಧ, ನಮಗೆ ಅರ್ಧ.”

“ಚಿಕ್ಕಪ್ಪನವರ ಪಾಲು?”

“ಕರಗಿಸಿ ಓಲೆ ಮಾಡಿಸಿದರು.”

“ಕುಡಿಕೆ?”

“ಒಡೆದುಹೋಯಿತು ಸಾರ್, ಎಸೆದುಬಿಟ್ಟೆವು. ಅದರಲ್ಲಿ ಕರೀ ಸೀಸದ ಬಿಲ್ಲೆಗಳೂ ಒಂದಷ್ಟು ಇದ್ದವು. ಅವನ್ನೂ ಎಸೆದೆವು.”

“ಯಾವ ಊರು?”

ಯುವಕನು ತಲೆ ತಗ್ಗಿಸಿ ಸುಮ್ಮನಾದನು. ಕೊಳವೆಬಾವಿಗೆ ಮಾಡಿದ ಸಾಲ ತಲೆಯ ಮೇಲಿದೆಯೆಂದು ಮಾತ್ರ ಹೇಳಿದನು. ಅವನು ಕೇಳಿದ ಬೆಲೆ ಬರಿಯ ಚಿನ್ನದ ಬೆಲೆಗಿಂತ ಹೆಚ್ಚಾಗಿರಲಿಲ್ಲ.

ಮಾಸ್ತರರು ಹನ್ನೊಂದು ಹಣಗಳನ್ನೂ ಎಣಿಸಿ ಅವನ ಡಬ್ಬಿಗೇ ಹಾಕಿದರು. “ಮಗು, ನೀನು ಕಳ್ಳನಲ್ಲ ಎಂದು ನಾನು ಬಲ್ಲೆ. ಆದರೆ ಇದನ್ನು ನಾನು ಕೊಳ್ಳಲಾರೆ, ಇನ್ನೊಬ್ಬರಿಗೆ ಮಾರು ಎಂದೂ ಹೇಳಲಾರೆ. ಇದು ನೆಲದೊಳಗಿನ ನಿಧಿ. ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನಿನಗೆ ಬರೆಯಲು ತೊಡಕಾದರೆ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ, ನಿನ್ನ ಜೊತೆಗೂ ಬರುತ್ತೇನೆ” ಎಂದರು. ಯುವಕನು ಒಂದು ಕ್ಷಣ ನಿಂತನು. ಆಮೇಲೆ “ಅಪ್ಪನನ್ನು ಕೇಳಿ ಬರುತ್ತೇನೆ ಸಾರ್” ಎಂದು ಹೇಳಿ ಜನರ ಗುಂಪಿನಲ್ಲಿ ಸೇರಿಹೋದನು. ಸಂಜೆಯವರೆಗೆ ಕಾದರೂ ಅವನು ಬರಲಿಲ್ಲ. ಮಾಸ್ತರರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ತಾರೀಖನ್ನು ಹಾಕಿ, ‘ಚಿನ್ನದ ಹಣ 11, ಆನೆ, ಬಳ್ಳಿ, ಜೊತೆಯಲ್ಲಿ ಸೀಸದ ಬಿಲ್ಲೆ’ ಎಂದು ಬರೆದುಕೊಂಡರು. ಸ್ಥಳ ಎಂಬ ಕಡೆ ಖಾಲಿ ಬಿಟ್ಟರು.

ಕೊಂಡಿದ್ದರೆ ಕೊನೆಯಪಕ್ಷ ಆ ಹನ್ನೊಂದು ಹಣಗಳಾದರೂ ಕರಗದೆ ಉಳಿಯುತ್ತಿದ್ದವಲ್ಲ ಎಂದು ಆಚಾರ್ಯರು ಕೇಳಿದರು. ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಮಾಸ್ತರರೂ ಒಡನೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಾನು ಕೊಂಡರೆ ನಾಳೆ ಇನ್ನೊಬ್ಬ ಅಗೆಯುತ್ತಾನೆ. ಅವನೂ ಕುಡಿಕೆಯನ್ನು ಒಡೆಯುತ್ತಾನೆ, ಸೀಸವನ್ನು ಎಸೆಯುತ್ತಾನೆ, ಊರ ಹೆಸರನ್ನು ನುಂಗುತ್ತಾನೆ. ಕೊಳ್ಳುವವನಿಲ್ಲದಿದ್ದರೆ ಹೇಳಬೇಕಾದವರಿಗೆ ಹೇಳಿಯಾನು” ಎಂದರು.

ಅವರ ಮಾತಿನ ತೂಕವನ್ನು ಅರಿಯಬೇಕಾದರೆ ಇನ್ನೊಂದು ಕುಡಿಕೆಯ ಕಥೆಯನ್ನು ಕೇಳಬೇಕು. 1906ರಲ್ಲಿ ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿ ಎಂಬ ಹಳ್ಳಿಯಲ್ಲಿ ಬೆಳ್ಳಿ ನಾಣ್ಯಗಳ ದೊಡ್ಡ ನಿಧಿಯೊಂದು ದೊರೆಯಿತು. ಅದರಲ್ಲಿದ್ದ ನಾಣ್ಯಗಳು 13 ಸಾವಿರಕ್ಕೂ ಹೆಚ್ಚು. ಎಲ್ಲವೂ ಮೂಲತಃ ಕ್ಷಹರಾತ ವಂಶದ ನಹಪಾನನೆಂಬ ದೊರೆಯವು. ಒಂದು ಬದಿಯಲ್ಲಿ ಅವನ ಮುಖ, ಇನ್ನೊಂದು ಬದಿಯಲ್ಲಿ ಬಾಣ ಮತ್ತು ವಜ್ರಾಯುಧ. ಆದರೆ 9 ಸಾವಿರಕ್ಕೂ ಹೆಚ್ಚು ನಾಣ್ಯಗಳಲ್ಲಿ ನಹಪಾನನ ಮುಖದ ಮೇಲೆಯೇ ಬೇರೊಂದು ಮುದ್ರೆ ಬಿದ್ದಿತ್ತು. ಆ ಮುದ್ರೆ ಸಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯದು.

ನಾಸಿಕದ ಗುಹೆಯೊಂದರಲ್ಲಿ ಗೌತಮೀಪುತ್ರನ ತಾಯಿ ಗೌತಮೀ ಬಲಶ್ರೀಯ ಶಾಸನವಿದೆ. ತನ್ನ ಮಗ ಕ್ಷಹರಾತ ವಂಶವನ್ನು ನಿರ್ಮೂಲ ಮಾಡಿದನೆಂದು ಅದು ಹೊಗಳುತ್ತದೆ. ತಾಯಿ ಮಗನನ್ನು ಹೊಗಳಿದ ಮಾತನ್ನು ಹಾಗೆಯೇ ನಂಬುವುದು ಹೇಗೆ? ಜೋಗಲ್‌ಥೆಂಬಿಯ ಕುಡಿಕೆ ಅದಕ್ಕೆ ಸಾಕ್ಷಿ ನುಡಿಯಿತು. ಸೋತವನ ನಾಣ್ಯಗಳನ್ನು ಸಾವಿರಗಟ್ಟಲೆ ಹಿಡಿದು, ಕರಗಿಸುವ ಗೋಜಿಗೂ ಹೋಗದೆ, ಗೆದ್ದವನು ಅವುಗಳ ಮೇಲೆಯೇ ತನ್ನ ಮುದ್ರೆಯನ್ನು ಒತ್ತಿಸಿದ್ದನು. ಇಂಥ ಒಂದೇ ಒಂದು ನಾಣ್ಯ ಎಲ್ಲೋ ಅಂಗಡಿಯಲ್ಲಿ ಸಿಕ್ಕಿದ್ದರೆ ಅದನ್ನು ಆಕಸ್ಮಿಕ ಎನ್ನಬಹುದಾಗಿತ್ತು. ಸಾವಿರಾರು ನಾಣ್ಯಗಳು ಒಂದೇ ಕಡೆ ಒಟ್ಟಾಗಿ ದೊರೆತು, ಪರೀಕ್ಷಿಸಬಲ್ಲವರ ಕೈಸೇರಿ, ಎಣಿಕೆಯಾದ್ದರಿಂದ ಅದು ಚರಿತ್ರೆಯಾಯಿತು. ಅವು ಹನ್ನೊಂದು ಹನ್ನೊಂದಾಗಿ ಡಬ್ಬಿಗಳಲ್ಲಿ ಹಂಚಿಹೋಗಿದ್ದರೆ, ಒಂದು ಯುದ್ಧದ ಸಾಕ್ಷಿ ಯಾರದೋ ಕಾಲ್ಗೆಜ್ಜೆಯಾಗಿ ಕರಗಿಹೋಗುತ್ತಿತ್ತು.

ಆ ಯುವಕನು ಎಸೆದ ಸೀಸದ ಬಿಲ್ಲೆಗಳಲ್ಲಿ ಬರಹವಿತ್ತೊ ಏನೊ! ಬರಹವಿದ್ದಿದ್ದರೆ, ಬರಹವಿಲ್ಲದ ಆನೆಯ ಹಣಗಳು ಯಾವ ಅರಸನ ಕಾಲದವೆಂಬುದಕ್ಕೆ ಒಂದು ಸುಳಿವು ದೊರೆಯುತ್ತಿತ್ತು. ಕುಡಿಕೆಯ ಮಣ್ಣು, ಅದರ ಆಕಾರ, ಅದು ಇದ್ದ ಆಳ, ಇವೆಲ್ಲವೂ ಕಾಲವನ್ನು ಹೇಳಬಲ್ಲವು. ಚಿನ್ನವನ್ನು ಉಳಿಸಿಕೊಂಡು ಸೀಸವನ್ನು ಎಸೆದವರು ಯಾವುದು ಬೆಲೆಯುಳ್ಳದ್ದು ಎಂಬುದನ್ನು ತಿಳಿಯದೆ ಹೋದರು. ಅವರನ್ನು ಬೈದು ಫಲವಿಲ್ಲ. ಅವರಿಗೆ ಇದನ್ನು ಹೇಳಿದವರು ಯಾರು?

ನೆಲದಲ್ಲಿ ದೊರೆತ ನಿಧಿಯನ್ನು ಕುರಿತ ಕಾನೂನು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಬಂದಿತು. ನಿಧಿ ದೊರೆತವರು ಅದನ್ನು ಮುಚ್ಚಿಡದೆ ಜಿಲ್ಲೆಯ ಅಧಿಕಾರಿಗೆ ತಿಳಿಸಬೇಕು. ಸರ್ಕಾರ ಅದನ್ನು ತೆಗೆದುಕೊಂಡರೆ ಅದಕ್ಕೆ ಪ್ರತಿಫಲ ಕೊಡಲು ಅವಕಾಶವುಂಟು. ನೂರು ವರ್ಷಕ್ಕಿಂತ ಹಳೆಯದಾದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸಂಗ್ರಹಿಸುವುದು ತಪ್ಪಲ್ಲ. ಎಷ್ಟೋ ನಾಣ್ಯಗಳು ಮೂಸೆಗೆ ಬೀಳದೆ ಉಳಿದಿರುವುದು ಅಂಚೆ ಮಾಸ್ತರರಂಥ ಸಂಗ್ರಾಹಕರಿಂದಲೇ. ಆದರೆ ನಿಜವಾದ ಸಂಗ್ರಾಹಕನು ನಾಣ್ಯಕ್ಕಿಂತ ಮೊದಲು ಅದರ ವೃತ್ತಾಂತವನ್ನು ಕೇಳುತ್ತಾನೆ. ವೃತ್ತಾಂತವನ್ನು ಕೊಂದು ನಾಣ್ಯವನ್ನು ಪಡೆಯುವುದಿಲ್ಲ.

ಈ ವಿದ್ಯೆಯನ್ನು ಕಲಿಯಲು ಚಿನ್ನವೇ ಬೇಕೆಂದಿಲ್ಲ. ನಿಮ್ಮ ಜೇಬಿನಲ್ಲಿರುವ ರೂಪಾಯಿಯನ್ನೇ ತೆಗೆದು ನೋಡಿ. ಇಸವಿಯ ಕೆಳಗೆ ಒಂದು ಪುಟ್ಟ ಗುರುತು ಇದೆಯೆ? ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು. ವಜ್ರದ ಹರಳಿನ ಆಕಾರವಿದ್ದರೆ ಮುಂಬಯಿಯದು. ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು. ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿ ಗಂಟುಕಟ್ಟಿಟ್ಟ ಆಣೆ, ಪೈಗಳಿದ್ದರೆ ಅವು ಯಾರ ಕಾಲದವು, ಯಾವ ಲೋಹದವು, ಮನೆಗೆ ಹೇಗೆ ಬಂದವು ಎಂದು ಕೇಳಿ ಬರೆದಿಡಿ. ಅಜ್ಜಿ ಇರುವಾಗ ಕೇಳಿದರೆ ಮಾತ್ರ ಆ ಮೂರನೆಯ ಮುಖ ದೊರೆಯುತ್ತದೆ.

ಹೊಲದಲ್ಲಿಯೋ ಹಳೆಯ ಮನೆಯ ಪಾಯದಲ್ಲಿಯೋ ನಾಣ್ಯ ಕಂಡರೆ ಉಜ್ಜಿ ತೊಳೆಯಬೇಡಿ. ಹುಣಿಸೆಹಣ್ಣು, ನಿಂಬೆರಸ, ಬೂದಿಗಳು ತಾಮ್ರದ ಕಿಲುಬಿನೊಡನೆ ಅಕ್ಷರಗಳನ್ನೂ ತಿಂದುಬಿಡುತ್ತವೆ. ಜೊತೆಯಲ್ಲಿರುವ ಒಡೆದ ಮಡಕೆಯ ಚೂರು, ಮಣಿ, ಕರಿಯ ಬಿಲ್ಲೆ ಯಾವುದನ್ನೂ ಎಸೆಯಬೇಡಿ. ಹಿರಿಯರಿಗೆ ತಿಳಿಸಿ, ಅವರ ಮೂಲಕ ತಹಸೀಲ್ದಾರರಿಗೋ, ಪುರಾತತ್ತ್ವ ಇಲಾಖೆಗೋ, ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ಸುದ್ದಿ ಮುಟ್ಟಿಸಿ. ಅದಕ್ಕೂ ಮೊದಲು ಒಂದು ಚೀಟಿಯಲ್ಲಿ ಊರಿನ ಹೆಸರು, ಹೊಲದ ಹೆಸರು, ಎಷ್ಟು ಆಳದಲ್ಲಿ, ಯಾವ ದಿನ, ಜೊತೆಗೆ ಏನೇನು ಎಂದು ಬರೆಯಿರಿ. ಇದಕ್ಕೆ ಪಾಂಡಿತ್ಯ ಬೇಡ, ಹಣವೂ ಬೇಡ. ಒಂದು ಸೀಸದ ಕಡ್ಡಿಯೂ ಒಂದು ತುಂಡು ಕಾಗದವೂ ಇದ್ದರೆ ಸಾಕು. ನೀವು ಬರೆಯುವ ಆ ನಾಲ್ಕು ಸಾಲು, ನೂರು ವರ್ಷಗಳ ಮೇಲೆ ಯಾರೋ ಒಬ್ಬ ವಿದ್ಯಾರ್ಥಿಗೆ ಆ ನಾಣ್ಯಕ್ಕಿಂತ ಹೆಚ್ಚು ಬೆಲೆಬಾಳುವುದಾಗಿರುತ್ತದೆ.